ತಂದೆಯ ಹೆಸರಿನ ಕೆಳಗೆ

“ಅಳಿಯಕಟ್ಟಿನವರಾದ ನಿಮಗೆ ತಂದೆಯ ವಂಶಾವಳಿ ಯಾಕೆ?” ಎಂದು ಮದುವೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಸಾವಿನ ಮನೆಯ ಅಂಗಳದಲ್ಲಿಯೂ ಕೇಳಿದ್ದಾರೆ. ಅಳಿಯಕಟ್ಟು, ಅಂದರೆ ಅಳಿಯಸಂತಾನ, ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ತುಳುನಾಡಿನ ಕ್ರಮ; ಅದರಲ್ಲಿ ಹಿಂದೆ ಗಂಡಸಿನ ಮನೆ ಜಾಗ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಉಳಿಯುತ್ತಿತ್ತು. ಕೆಲವು ವರ್ಷಗಳಿಂದ ನಾನು ಉಡುಪಿ, ಕಾಪು, ಕಾರ್ಕಳದ ಸುತ್ತಲಿನ ಹಳೆಯ ಮನೆಗಳಿಗೆ ಹೋಗಿ, ತಂದೆ, ತಂದೆಯ ತಂದೆ, ಅವರ ತಂದೆ ಎಂಬ ಕ್ರಮದಲ್ಲಿ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಈ ಪ್ರಶ್ನೆಗೆ ಯಾವಾಗಲೂ ಒಂದು ಬಾಲವಿರುತ್ತದೆ: “ಅಲ್ಲಿ ಏನಾದರೂ ಪಾಲು ಉಂಟಾ ಮಾರಾಯ್ರೆ?”

ಪಾಲು ಇಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯು ಕುಟುಂಬದ ಆಸ್ತಿಯನ್ನು ಕವರುಗಳ, ಅಂದರೆ ಹೆಣ್ಣುಮಕ್ಕಳ ಸಾಲಿನಲ್ಲಿ ಬಂದ ಕವಲುಗಳ, ನಡುವೆ ಪಾಲು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೆ ಸಲ್ಲತೊಡಗಿತು. ನನ್ನ ಅಜ್ಜ, ಅಂದರೆ ತಂದೆಯ ತಂದೆ, ತೀರಿಕೊಂಡದ್ದು ಇವೆರಡಕ್ಕೂ ಮೊದಲು. ಆದ್ದರಿಂದ ಆ ಮನೆಯ ಒಂದು ಸೆಂಟ್ಸ್ ಜಾಗವೂ ನನಗೆ ಬರುವಂತಿಲ್ಲ, ಬೇಕಾಗಿಯೂ ಇಲ್ಲ. ಮನುಷ್ಯನೊಬ್ಬ ತನ್ನ ಅಜ್ಜನ ಹೆಸರು ಕೇಳಿಕೊಂಡು ಬಂದರೆ ಅವನು ಜಾಗಕ್ಕಾಗಿಯೇ ಬಂದಿರಬೇಕು ಎಂದುಕೊಳ್ಳುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಈ ಹುಡುಕಾಟ ಶುರುವಾದದ್ದು ನನ್ನ ತಂದೆಯ ಕುಟುಂಬದ ಮನೆಯಲ್ಲಿ. ಮನೆಯ ಜೀರ್ಣೋದ್ಧಾರ ಮುಗಿದು ನಾಗತಂಬಿಲ, ಅಂದರೆ ಕುಟುಂಬದ ನಾಗನ ಪೂಜೆ, ಇಟ್ಟುಕೊಂಡಿದ್ದರು. ಚಾವಡಿಯ ಗೋಡೆಯಲ್ಲಿ ಗಾಜು ಹಾಕಿಸಿದ ದೊಡ್ಡ ವಂಶವೃಕ್ಷವೊಂದು ಹೊಸದಾಗಿ ಬಂದಿತ್ತು. ಬೇರಿನಲ್ಲಿ ಮೂಲದ ಹೆಂಗಸಿನ ಹೆಸರು, ಅಲ್ಲಿಂದ ಮೇಲೆ ಹೆಣ್ಣುಮಕ್ಕಳ ಕೊಂಬೆಗಳು, ಪ್ರತಿಯೊಂದು ಕೊಂಬೆಯೂ ಮತ್ತೆ ಹೆಣ್ಣುಮಕ್ಕಳಿಂದಲೇ ಕವಲೊಡೆದು ಗೋಡೆಯ ತುಂಬ ಹರಡಿಕೊಂಡಿತ್ತು. ನನ್ನ ತಂದೆಯ ಹೆಸರನ್ನು ಹುಡುಕಿದೆ. ಒಂದು ಎಲೆಯ ಮೇಲೆ ಬರೆದಿದ್ದರು. ಎಲೆಯಿಂದ ಕೊಂಬೆ ಹೊರಡುವುದಿಲ್ಲವಲ್ಲ. ಮೂವರು ಮಕ್ಕಳ ತಂದೆಯ ಹೆಸರು ಅಲ್ಲಿಗೇ ಮುಗಿದಿತ್ತು. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು, “ನೀವು ಮಗ ಅಲ್ಲವಾ? ನಿಮ್ಮ ಹೆಸರು ಇದರಲ್ಲಿ ಬರುವುದಿಲ್ಲ. ನಿಮ್ಮದು ನಿಮ್ಮ ತಾಯಿಯ ಮನೆಯಲ್ಲಿ ಇರುತ್ತದೆ,” ಎಂದು ಸಮಾಧಾನವಾಗಿಯೇ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಬಳಿ, ಅಂದರೆ ಗೋತ್ರದಂಥ ಕುಲದ ಹೆಸರು, ತಾಯಿಯ ಬಳಿಯೇ, ನನ್ನ ನಾಗ ತಾಯಿಯ ಮೂಲಸ್ಥಾನದ ನಾಗನೇ. ಆದರೂ ಆ ದಿನದ ಊಟ ನನಗೆ ಸೇರಲಿಲ್ಲ.

ಅಳಿಯಕಟ್ಟಿನ ಮೇಲೆ ನನಗೆ ದ್ವೇಷವಿದೆ ಎಂದು ಯಾರೂ ಭಾವಿಸಬಾರದು. ವಿಧವೆಯಾದ ನನ್ನ ಅಜ್ಜಿಗೆ ಯಾರ ಹಂಗೂ ಇಲ್ಲದೆ ಹಿಂದಿರುಗಲು ತನ್ನದೇ ಮನೆಯೊಂದು ಇದ್ದುದು ಈ ಕಟ್ಟಿನಿಂದಲೇ. ನನ್ನ ಮಾತು ಗಂಡಸರ ನೆನಪಿಗೆ ಸಂಬಂಧಿಸಿದ್ದು. 1949ರ ಕಾಯ್ದೆಯಲ್ಲಿ ‘ನಿಸ್ಸಂತತಿ ಕವರು’ ಎಂಬ ಮಾತಿದೆ: 50 ವರ್ಷ ತುಂಬದ ಹೆಣ್ಣು ಒಬ್ಬಳೂ ಇಲ್ಲದ ಕವರು ಎಂದರ್ಥ. ತಾಯಿ ತೀರಿಕೊಂಡು, ಅಕ್ಕತಂಗಿಯರೂ ಇಲ್ಲದ ಗಂಡಸಿಗೆ ಮನೆ ತುಂಬ ಮಕ್ಕಳಿದ್ದರೂ ಅವನ ಕವರಿಗೆ ಸಂತತಿಯಿಲ್ಲ. ಈ ಮಾತು ತೆಗೆದರೆ ಕೆಲವರು ನನಗೆ ಭೂತಾಳಪಾಂಡ್ಯನ ಕಥೆ ಹೇಳುತ್ತಾರೆ. ಕುಂಡೋದರ ಭೂತ ಅರಸನ ಮಗನನ್ನು ಬಲಿ ಕೇಳಿದಾಗ ರಾಣಿ ಕೊಡಲೊಪ್ಪದೆ, ಅರಸನ ತಂಗಿ ತನ್ನ ಮಗನನ್ನು ಕೊಡಲು ಮುಂದಾದದ್ದರಿಂದ ರಾಜ್ಯ ಅಳಿಯನ ಪಾಲಾಯಿತು ಎಂಬುದು ಆ ಕಥೆ. ನಾನು ಕೇಳಿದ ಯಾರ ಬಾಯಲ್ಲಿಯೂ ಅರಸನ ಸ್ವಂತ ಮಕ್ಕಳು ಆಮೇಲೆ ಏನಾದರು ಎಂಬುದು ಬರಲಿಲ್ಲ.

ತಂದೆಯ ಸಾಲನ್ನು ಹುಡುಕುವುದು ನಮ್ಮಲ್ಲಿ ಯಾಕೆ ಕಷ್ಟವೆಂದರೆ, ಆ ಸಾಲಿಗೆ ಒಂದು ಮನೆಯೆಂಬುದೇ ಇಲ್ಲ. ಮದುವೆ ಒಂದೇ ಬಳಿಯೊಳಗೆ ಆಗುವಂತಿಲ್ಲವಾದ್ದರಿಂದ ನನ್ನ ತಂದೆಯ ಬಳಿ ನನ್ನದಲ್ಲ, ಅಜ್ಜನ ಬಳಿ ತಂದೆಯದಲ್ಲ. ಪ್ರತಿಯೊಬ್ಬ ತಂದೆಯನ್ನೂ ಅವನ ತಾಯಿಯ ಮನೆಯಲ್ಲಿಯೇ ಹುಡುಕಬೇಕು. ಅಲ್ಲಿ ಅವನು ಇನ್ನೊಂದು ಮರದ ತುದಿಯ ಎಲೆಯಾಗಿರುತ್ತಾನೆ, ಅವನನ್ನು ಹೆಸರು ಹಿಡಿದು ಕೇಳಿಕೊಂಡು ಬರುವವರು ಯಾರೂ ಇರುವುದಿಲ್ಲ.

ಪಾಲಿನ ವಿಚಾರ ಕೇಳುವವರು ಅದರ ಬದಲು, “ನಿಮ್ಮ ಅಜ್ಜ ಎಂಥವರಾಗಿದ್ದರು?” ಎಂದು ಒಮ್ಮೆಯಾದರೂ ಕೇಳಬಾರದೇ? ಕೇಳಿದರೆ ಹೇಳಲು ನನ್ನಲ್ಲಿ ಈಗ ಉತ್ತರವಿದೆ. ಅದನ್ನು ಕೊಟ್ಟವರು ತಂದೆಯ ಅಕ್ಕ, ನಮ್ಮ ದೊಡ್ಡ ಮಾಮಿ. ಅಜ್ಜ ತನ್ನ ಕುಟುಂಬದ ಬೇಸಾಯ ನೋಡಿಕೊಳ್ಳುತ್ತಿದ್ದರು. ಮಳೆ ಹಿಂದೆಗೆದು ಏಣೇಲು ಎಂಬ ಮಳೆಗಾಲದ ಭತ್ತದ ಬೆಳೆ ಕೊಯ್ದಾದ ಮೇಲೆ, ಹೊಳೆಗೆ ಅಡ್ಡಲಾಗಿ ಮರದ ಕಂಬ, ಸೊಪ್ಪು, ಮಣ್ಣು ಹಾಕಿ ಪ್ರತಿವರ್ಷ ಕಟ್ಟ ಕಟ್ಟಿಸಿ, ಎರಡು ಬೆಳೆ ಬರುವ ಮಜಲು ಗದ್ದೆಗಳಲ್ಲಿ ಸುಗ್ಗಿ ಎಂಬ ಎರಡನೆಯ ಬೆಳೆ ತೆಗೆಯುತ್ತಿದ್ದರು. ಮೊದಲ ಮಳೆಗೆ ಕಟ್ಟ ಕೊಚ್ಚಿ ಹೋಗುತ್ತಿತ್ತು, ಮುಂದಿನ ವರ್ಷ ಮತ್ತೆ ಹೊಳೆಗಿಳಿಯುತ್ತಿದ್ದರು. ರಾತ್ರಿ ಕಟ್ಟದ ಕಾವಲಿಗೆ ಹೋಗುವಾಗ ಮಾಮಿಯನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರಂತೆ.

ಅಜ್ಜ ತೀರಿಕೊಂಡಾಗ ಮಾಮಿಗೆ 9 ವರ್ಷ, ನನ್ನ ತಂದೆಗೆ 5. ಸೂತಕ ಕಳೆದ ಮೇಲೆ ಅಜ್ಜಿ ಮಕ್ಕಳನ್ನು ಕರೆದುಕೊಂಡು ತನ್ನ ಮನೆಗೆ ಹೊರಟರು, ಆ ಕಾಲದ ಕ್ರಮವೇ ಹಾಗಿತ್ತು. ಗದ್ದೆ, ಹಟ್ಟಿ, ಹೋರಿಗಳು ಅಜ್ಜನ ಅಕ್ಕತಂಗಿಯರ ಮಕ್ಕಳಿಗೆ ಉಳಿದವು. ನನ್ನ ತಂದೆ ಮಾತ್ರ ಅಜ್ಜನ ಅಡಿಕೆಹಾಳೆಯ ಮುಟ್ಟಾಳೆಯನ್ನು ತಲೆಗಿಟ್ಟುಕೊಂಡು ಹೊರಟರಂತೆ. ಅದು ಮೂಗಿನವರೆಗೆ ಇಳಿದು ಕಣ್ಣು ಕಾಣದೆ, ದಾರಿಯುದ್ದಕ್ಕೂ ಅಕ್ಕನ ಸೀರೆಯ ತುದಿ ಹಿಡಿದುಕೊಂಡು ನಡೆದರಂತೆ. “ತೆಗೆ ಅಂದರೆ ತೆಗೆಯಲಿಲ್ಲ ಮಗಾ. ಗದ್ದೆಯ ಹುಣಿಯಲ್ಲಿ ಎರಡು ಸಲ ಬಿದ್ದ,” ಎಂದು ಮಾಮಿ ನಗುತ್ತ ಹೇಳಲು ತೊಡಗಿ, ಮುಗಿಸಲಾರದೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನನ್ನ ತಂದೆ ಬದುಕಿದ್ದಾಗ ಇದನ್ನು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಕೂಡ ಕೇಳಿರಲಿಲ್ಲ.

ಅಜ್ಜನ ಮನೆಯನ್ನು ಈಗ ಕಂಡುಹಿಡಿದಿದ್ದೇನೆ. ಅವರ ತಂಗಿಯ ಮೊಮ್ಮಗ ಬಾಗಿಲಲ್ಲಿಯೇ ನಿಲ್ಲಿಸಿ ಜಾಗದ ವಿಚಾರವೇ ಎಂದು ಕೇಳಿದರು. ಮುಟ್ಟಾಳೆಯ ವಿಷಯ ಹೇಳಿದ ಮೇಲೆ ಒಳಗೆ ಕರೆದು ಬೆಲ್ಲ ನೀರು ಕೊಟ್ಟರು, ಹೊಳೆಯ ಬದಿಗೆ ಕರೆದುಕೊಂಡು ಹೋಗಿ ಕಟ್ಟ ಹಾಕುತ್ತಿದ್ದ ಜಾಗವನ್ನು ತೋರಿಸಿದರು. ಅಜ್ಜನ ತಂದೆ ಯಾವ ಬಳಿಯವರೆಂದು ಅವರ ತಾಯಿ ನೆನಪು ಮಾಡಿ ಹೇಳಿದರು. ಹೆಸರು ಅವರಿಗೂ ಗೊತ್ತಿಲ್ಲ, ಆದರೆ ಮನೆ ಕಾರ್ಕಳದ ಕಡೆಯದಂತೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಅಲ್ಲಿಗೆ ಹೋಗಬೇಕೆಂದಿದ್ದೇನೆ. ಮೊಣಗಂಟು ನೋವಿದ್ದರೂ ಮಾಮಿ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾರೆ.