ಅರ್ಧ ಬರೆದ ನೋಟ್‌ಬುಕ್ಕುಗಳ ಸೀಸನ್

ಮಾರ್ಚ್ ಕೊನೆ

ಪರೀಕ್ಷೆ ಮುಗಿಯುವುದಕ್ಕೂ ರದ್ದಿಯವನ ತಕ್ಕಡಿ ಬಾಗಿಲಿಗೆ ಬರುವುದಕ್ಕೂ ನಡುವೆ ಸಿಗುವ ಸಮಯ ಬಹಳ ಕಡಿಮೆ. ಶಾಲೆ ಮಕ್ಕಳಿಗೆ ಮತ್ತೆ ಹಂಚಲೆಂದು ನಾವು ಮನೆಮನೆಯಿಂದ ಕೂಡಿಸುವ ಹಳೆಯ ನೋಟ್‌ಬುಕ್, ಪುಸ್ತಕ, ಚೀಲಗಳ ಸಂಗ್ರಹವೆಲ್ಲ ಆ ಸಂದಿನಲ್ಲೇ ಆಗಬೇಕು. ಮುಂಬಯಿ ಪಕ್ಕದ ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಮೇ ತಿಂಗಳು ಬಂತೆಂದರೆ ಊರಿಗೆ ಹೊರಡುವ ಗಡಿಬಿಡಿ. ಹೊರಡುವ ಮೊದಲು ಮನೆ ಕ್ಲೀನ್ ಆಗಬೇಕು. ಕ್ಲೀನ್ ಅಂದರೆ ಮೊದಲು ಹೊರಗೆ ಬೀಳುವುದು ಮಕ್ಕಳ ನೋಟ್‌ಬುಕ್ಕುಗಳೇ ಅಲ್ವಾ? ರೈಲಿನ ರಿಸರ್ವೇಶನ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು, 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ಹಾಗಾಗಿ ಈಗ ಯಾರನ್ನು ಕೇಳಿದರೂ "ಮತ್ಸ್ಯಗಂಧ ವೇಟಿಂಗ್ ಇದೆ, ನೋಡ್ಬೇಕು" ಅನ್ನುವ ಮಾತೇ. ನಾನು ಅವರ ಟಿಕೆಟ್ಟಿನ ತಾರೀಕನ್ನು ಬರೆದಿಟ್ಟುಕೊಳ್ಳುತ್ತೇನೆ. ಅದಕ್ಕೆ ಒಂದು ವಾರ ಮೊದಲು ಆ ಮನೆಗೆ ನಮ್ಮ ಖಾಲಿ ಚೀಲ ತಲುಪಿರಬೇಕು.

ನಾವು ಅಂದರೆ ಕಟ್ಟಡದ ನಾಲ್ಕಾರು ಹೆಂಗಸರು, ರಜೆಗೆ ಸಿಕ್ಕಿದ ಕಾಲೇಜು ಹುಡುಗರು, ಮತ್ತೆ ಬೈಂಡಿಂಗ್ ಮಾಮ. ಮಾಮ ಗಿರ್ಗಾಂವಿನ ಪ್ರೆಸ್ಸೊಂದರಲ್ಲಿ ಆಯುಷ್ಯ ಸವೆಸಿದವರು. ದುಡ್ಡು ತೆಗೆದುಕೊಳ್ಳುವುದಿಲ್ಲ, ಸಾಮಾನು ಮಾತ್ರ ನಾವು ತಂದುಕೊಡಬೇಕು.

ಈ ಸಲ ಚೀಲ ಹಂಚುವ ಮೊದಲೇ ಶಾಲೆಗಳಿಗೆ ಹೋಗಿ ಏನು ಬೇಕು ಅಂತ ಕೇಳಿ ಬಂದೆವು. ಕೇಳಿದ ಮೇಲೆ ಚಿತ್ರವೇ ಬೇರೆ. ಮುಂಬಯಿ ಪಾಲಿಕೆಯ ಶಾಲೆಗಳಲ್ಲಿ ಮಕ್ಕಳಿಗೆ ಪಾಲಿಕೆಯೇ 27 ಬಗೆಯ ಶಾಲಾ ಸಾಮಾನು ಉಚಿತವಾಗಿ ಕೊಡುತ್ತದೆ. ಯೂನಿಫಾರ್ಮ್, ಚೀಲ, ನೋಟ್‌ಬುಕ್, ಛತ್ರಿ ಎಲ್ಲ ಬಂತು ಅದರಲ್ಲಿ. ಪಠ್ಯಪುಸ್ತಕವೂ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯವರೆಗೆ ಉಚಿತ. ಹಾಗಾದರೆ ಕೊರತೆ ಎಲ್ಲಿ? ಒಂಬತ್ತು, ಹತ್ತನೆಯ ಮಕ್ಕಳಲ್ಲಿ. ರಾತ್ರಿ ಶಾಲೆಯ ಹುಡುಗರಲ್ಲಿ. ಮತ್ತೆ ವರ್ಷದ ನಡುವೆ ಬಂದು ಸೇರುವವರಲ್ಲಿ. ಈ ಮೂರನೆಯವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವ ಮನೆಯವರು ಜೂನ್ ತಿಂಗಳನ್ನು ನೋಡಿಕೊಂಡು ಬರುವುದಿಲ್ಲ. ಊರಲ್ಲಿ ಹೊಲದ ಕೆಲಸ ಮುಗಿದ ಮೇಲೆ ಬರುತ್ತಾರೆ. ಅಷ್ಟರಲ್ಲಿ ಹಂಚುವವರೆಲ್ಲ ಹಂಚಿ, ಫೋಟೋ ತೆಗೆಸಿಕೊಂಡು ಮನೆ ಸೇರಿರುತ್ತಾರೆ.

ಏಪ್ರಿಲ್

ಸೊಸೈಟಿ ಆಫೀಸಿನ ಹಿಂದಿನ ಕೋಣೆ ತುಂಬಿದೆ. ಕೈ ಎಲ್ಲ ಕಾಗದದ ಧೂಳು.

ಬಂದದ್ದರಲ್ಲಿ ಮುಕ್ಕಾಲು ಪಾಲು ಅರ್ಧ ಬರೆದ ನೋಟ್‌ಬುಕ್. ನೋಡುವವರಿಗೆ ಇದು ಬಹಳ ಸುಲಭ ಅನ್ನಿಸುತ್ತದೆ. ಬರೆದ ಹಾಳೆ ಹರಿದು ಹಾಕು, ಉಳಿದದ್ದು ಕೊಡು, ಮುಗೀತು. ಹಾಗೆ ಮಾಡಿದರೆ ಆ ಪುಸ್ತಕ ಒಂದು ವಾರವೂ ಬಾಳುವುದಿಲ್ಲ. ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ಪ್ರತಿ ಕಾಗದವೂ ಮಡಿಸಿದ ಜೋಡಿ ಹಾಳೆ. ಮುಂದಿನ ಒಂದು ಹಾಳೆ ಹರಿದರೆ ಹಿಂದಿನ ಒಂದು ಹಾಳೆ ಹಿಡಿತ ಕಳೆದುಕೊಳ್ಳುತ್ತದೆ.

172 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. 86 ಹಾಳೆ, ಅಂದರೆ ಮಡಿಸಿದ ಕಾಗದ 43. ಹುಡುಗ ಮೊದಲ 30 ಹಾಳೆ ಬರೆದು ಬಿಟ್ಟಿದ್ದಾನೆ ಅನ್ನೋಣ. ಪಿನ್ ಬಿಚ್ಚಿ ಹರಡಿದರೆ ನಡುವಿನ 13 ಕಾಗದ ಪೂರ್ತಿ ಖಾಲಿ, ಉಳಿದ 30ರಲ್ಲಿ ಒಂದು ಮಗ್ಗುಲು ಬರೆದದ್ದು, ಇನ್ನೊಂದು ಮಗ್ಗುಲು ಖಾಲಿ. ಖಾಲಿ ಹಾಳೆ ಒಟ್ಟು 56 ಸಿಕ್ಕಿತು, ಆದರೆ ಎರಡು ಜಾತಿ. ಜೋಡಿ ಕಾಗದಗಳನ್ನು ಬೇರೆ ಪುಸ್ತಕದ ಜೋಡಿಗಳ ಜೊತೆ ಸೇರಿಸಿ ಮಡಿಕೆಯ ನಡುವೆ ಹೊಲಿಯಬಹುದು. ಅದು ಹೊಸ ಪುಸ್ತಕದ ಹಾಗೆಯೇ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಬಿಡಿ ಹಾಳೆಗಳಿಗೆ ಬದಿಯಲ್ಲಿ ತೂತು ಹಾಕಿಯೇ ಹೊಲಿಯಬೇಕು. ಅದು ಅಷ್ಟು ತೆರೆಯುವುದಿಲ್ಲ, ಒಂದು ಬೆರಳಿನಷ್ಟು ಜಾಗ ಹೊಲಿಗೆಗೇ ಹೋಗುತ್ತದೆ.

ಮಾಮನ ಕೈ ನೋಡಬೇಕು. ಹಾಳೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಎರಡು ಸಲ ತಟ್ಟುತ್ತಾರೆ, ಅಂಚು ಗೆರೆ ಎಳೆದ ಹಾಗೆ ಕೂರುತ್ತದೆ. ಆಮೇಲೆ ದಬ್ಬಳದಿಂದ ಬದಿಯಲ್ಲಿ ಐದು ತೂತು. ದಾರಕ್ಕೆ ಮೇಣ ಸವರಿ ನಡುವಿನ ತೂತಿನಿಂದ ಶುರು ಮಾಡಿ, ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ನಡುವೆಯೇ ಗಂಟು ಹಾಕುತ್ತಾರೆ. "ಗಂಟು ತುದಿಯಲ್ಲಿ ಹಾಕಬೇಡ ಮಗಾ, ಹುಡುಗರು ಅದನ್ನು ಕೆದಕುತ್ತಾ ಕೂರ್ತಾರೆ" ಅಂತ ಕಾಲೇಜು ಹುಡುಗನಿಗೆ ಪಾಠ. ಇನ್ನೊಂದು ವಿಷಯದಲ್ಲಿ ಮಾಮ ಬಹಳ ಕಟ್ಟುನಿಟ್ಟು. ಹಳೆಯ ಮಡಿಕೆಯ ಅಂಚು ಎಲ್ಲ ಹಾಳೆಗೂ ಒಂದೇ ಕಡೆ ಬರಬೇಕು. ಇಲ್ಲದಿದ್ದರೆ ಕೆಂಪು ಮಾರ್ಜಿನ್ ಒಂದು ಹಾಳೆಯಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಬರುತ್ತದೆ. ಸರಿಯಿಲ್ಲದ ಕಟ್ಟು ಕಂಡರೆ ಮಾತಿಲ್ಲದೆ ಬಿಚ್ಚಿಬಿಡುತ್ತಾರೆ.

ಹೊಲಿಯುವುದಕ್ಕಿಂತ ಆರಿಸುವುದಕ್ಕೇ ಜಾಸ್ತಿ ಹೊತ್ತು ಬೇಕು. ಒಂದು ಗೆರೆ, ಎರಡು ಗೆರೆ, ನಾಲ್ಕು ಗೆರೆ, ಚೌಕಳಿ, ಗೆರೆ ಇಲ್ಲದ್ದು. ಎಲ್ಲ ಬೆರೆಸಿ ಹೊಲಿದರೆ ಯಾವ ಟೀಚರೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಒಂದು ಮಗ್ಗುಲು ಅಚ್ಚಾದ ಆಫೀಸ್ ಕಾಗದ ಬಂದರೆ ಅದು ಲೆಕ್ಕದ ಕಚ್ಚಾ ಕೆಲಸಕ್ಕೆ ಬೇರೆ ಕಟ್ಟು. ಬರೆದ ಹಾಳೆಗಳನ್ನು ರದ್ದಿಗೆ ಹಾಕುವ ಮೊದಲು ಮಕ್ಕಳ ಹೆಸರು, ಶಾಲೆ ಬರೆದ ಪುಟ ಹರಿದು ಚೂರು ಮಾಡುತ್ತೇವೆ. ರದ್ದಿಯ ದುಡ್ಡಿನಲ್ಲಿ ದಾರ, ರಟ್ಟು, ಫೆವಿಕಾಲ್ ಬರುತ್ತದೆ. ಮಾಮನ ಕಾಲದಲ್ಲಿ ಮೈದಾ ಅಂಟಿಗೆ ಹುಳ ಬೀಳದಿರಲಿ ಎಂದು ಮೈಲುತುತ್ತು ಹಾಕುತ್ತಿದ್ದರಂತೆ. ಅದು ವಿಷ, ಮಕ್ಕಳ ಕೈಗೆ ಹೋಗುವ ಪುಸ್ತಕಕ್ಕೆ ಬೇಡ ಎಂದು ಅವರೇ ಹೇಳಿದರು.

ಮೇ ಮೊದಲ ವಾರ

ಬೇಡ ಅನ್ನುವುದು ಈ ಕೆಲಸದಲ್ಲಿ ದೊಡ್ಡ ಕಷ್ಟ. ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಒಡೆದ ವಾಟರ್ ಬಾಟಲಿ, ಒಣಗಿದ ಗಮ್ ಟ್ಯೂಬ್, ಇನ್ಯಾವುದೋ ಬೋರ್ಡಿನ ಹಳೇ ಗೈಡ್, ಇವನ್ನೆಲ್ಲ ಹೊತ್ತು ನಾವೇನು ಮಾಡುವುದು? ಎಲ್ಲಕ್ಕಿಂತ ತಲೆನೋವು ಚೀಲಗಳದ್ದು. ಶಾಲೆ ಚೀಲ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು ಎಂದು 2020ರ ಸ್ಕೂಲ್ ಬ್ಯಾಗ್ ನೀತಿ ಹೇಳುತ್ತದೆ. ಒಂದು, ಎರಡನೆಯ ಕ್ಲಾಸಿಗೆ ಅದು ಹೆಚ್ಚೆಂದರೆ 2.2 ಕಿಲೋ. ನಮಗೆ ಬರುವುದು ಗಾಲಿ ಇರುವ ಟ್ರಾಲಿ ಚೀಲ, ದೊಡ್ಡವರ ಲ್ಯಾಪ್‌ಟಾಪ್ ಚೀಲ. ಅವು ಖಾಲಿ ಇದ್ದಾಗಲೇ ಭಾರ. ನಮ್ಮಲ್ಲಿ ಈಗ ತೂಕದ ಕೊಕ್ಕೆ ಇದೆ. ಹಗುರ ಇದ್ದು ಜಿಪ್ ರನ್ನರ್ ಮಾತ್ರ ಹೋಗಿದ್ದರೆ ಸ್ಟೇಷನ್ ಹತ್ತಿರದ ಮೋಚಿಗೆ ಕೊಡುತ್ತೇವೆ. ಪಟ್ಟಿಯ ಬುಡವೇ ಹರಿದಿದ್ದರೆ ತೆಗೆದುಕೊಳ್ಳುವುದಿಲ್ಲ.

ದೊಡ್ಡ ಆಫೀಸೊಂದರಿಂದ ಫೋನ್ ಬಂತು. ಬಹಳ ಚೀಲ ಕೊಡುತ್ತಾರಂತೆ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು, ಬ್ಯಾನರ್ ಹಿಡಿಸಬೇಕು, ಫೋಟೋ ಬೇಕು. ಹತ್ತನೆಯ ಕ್ಲಾಸಿನ ಹುಡುಗಿ ಯಾಕೆ ಬ್ಯಾನರ್ ಹಿಡಿಯಬೇಕು? ಬೇಡ ಎಂದೆವು. ಆಮೇಲೆ ಅದೇ ಆಫೀಸಿನ ಒಬ್ಬರು ಸುಮ್ನೆ ಒಂದು ಟೆಂಪೋದಲ್ಲಿ ಹಳೆಯ ವರ್ಷದ ಖಾಲಿ ಡೈರಿಗಳನ್ನು ಕಳಿಸಿಕೊಟ್ಟರು. ಒಳ್ಳೆಯ ಗಟ್ಟಿ ಕಾಗದ. ರಾತ್ರಿ ಶಾಲೆಯ ಹುಡುಗರಿಗೆ ಡೈರಿ ಅಂದರೆ ಇಷ್ಟ, ಅಂಗಿ ಬದಲಿಸಿ ಕ್ಯಾಂಟೀನಿನಿಂದ ನೇರ ಬರುವವರಿಗೆ ಚೀಲದ ಗೊಡವೆ ಇಲ್ಲದೆ ಕಂಕುಳಲ್ಲಿ ಹಿಡಿಯಬಹುದು.

ಕಂಪಾಸ್ ಪೆಟ್ಟಿಗೆಗಳ ಕೆಲಸ ಮೂರನೇ ಮಾಳಿಗೆಯ ಅಕ್ಕನದು. ಕೈವಾರದ ತಿರುಪು ಬಿಗಿ ಮಾಡಿ ಒಂದು ವೃತ್ತ ಎಳೆದು ನೋಡುತ್ತಾರೆ. ಶುರುವಾದಲ್ಲೇ ಬಂದು ಸೇರದಿದ್ದರೆ ಅದು ಹೊರಗೆ. ಕೋನಮಾಪಕದಲ್ಲಿ ಅಂಕಿ ಅಳಿಸಿದ್ದರೆ ಅದೂ ಹೊರಗೆ. ತುದಿ ಮುರಿದ ಸ್ಕೇಲನ್ನು ಮಾತ್ರ ಇಟ್ಟುಕೊಳ್ಳುತ್ತಾರೆ, ಒಂದರಿಂದ ಅಳೆದು ಒಂದು ಕಳೆದರಾಯಿತಲ್ಲ. ಮೇಣದ ಬಣ್ಣದ ಚೂರುಗಳಿಗೆ ಅವರದೇ ಉಪಾಯ. ಅಡುಗೆಯಿಂದ ನಿವೃತ್ತಿಯಾದ ಹಳೆಯ ಪಡ್ಡಿನ ಕಾವಲಿಯ ಗುಳಿಗಳಲ್ಲಿ ಚೂರು ತುಂಬಿ, ಕುದಿವ ನೀರಿನ ಪಾತ್ರೆಯ ಮೇಲೆ ಇಟ್ಟು ಕರಗಿಸುವುದು. ತಣಿದ ಮೇಲೆ ಬಣ್ಣಬಣ್ಣದ ಗುಂಡು. ಬಾಲವಾಡಿಯ ಪುಟ್ಟ ಕೈಗೆ ಅದು ಹಿಡಿಯಲು ಕಡ್ಡಿಗಿಂತ ಸಲೀಸು.

ಮೇ ಕೊನೆ

ಪಠ್ಯಪುಸ್ತಕದ ವಿಚಾರ ಬೇರೆಯೇ ಬರೆಯಬೇಕು. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯೇ ಅಚ್ಚು ಹಾಕುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಓದುವವರು ಇದ್ದಾರೆ. ಆದರೆ ಡೊಂಬಿವಲಿಯ ಅಂಗಡಿಗೆ ಹೋಗಿ ಕನ್ನಡ ಮಾಧ್ಯಮದ ಹತ್ತನೆಯ ಭೂಮಿತಿ (ರೇಖಾಗಣಿತ) ಕೇಳಿದರೆ ಅವನು ನಮ್ಮ ಮುಖ ನೋಡುತ್ತಾನೆ. ಹಾಗಾಗಿ ರಾಶಿಯಲ್ಲಿ ಒಂದು ಸಿಕ್ಕರೂ ನಮಗದು ಬಂಗಾರ.

ಒಳ್ಳೆಯ ಸುದ್ದಿ ಅಂದರೆ ಒಂಬತ್ತನೆಯದಕ್ಕೆ 2017ರಲ್ಲಿ, ಹತ್ತನೆಯದಕ್ಕೆ 2018ರಲ್ಲಿ ಪಠ್ಯ ಬದಲಾಯಿತು. ಆಮೇಲಿನ ಆವೃತ್ತಿ ಎಷ್ಟು ಹಳೆಯದಾದರೂ ನಮ್ಮ ಹುಡುಗರಿಗೆ ನಡೆಯುತ್ತದೆ. ಅಟ್ಟದ ಮೇಲಿನ ಕಟ್ಟು ಎಂದು ಯಾರೂ ಸಂಕೋಚಪಡಬೇಕಿಲ್ಲ, ಒಳಪುಟದಲ್ಲಿ ವರ್ಷ ನೋಡಿ ಕೊಟ್ಟರೆ ಸಾಕು. ಚಿಕ್ಕ ಕ್ಲಾಸಿನವು ಹಾಗಲ್ಲ. 2023ರಿಂದ ಸುಮಾರು ಎರಡು ವರ್ಷ ಪಾಠದ ನಡುವೆ ಖಾಲಿ ಹಾಳೆ ಸೇರಿಸಿ ಅಚ್ಚು ಹಾಕಿದ್ದರು. ನೋಟ್‌ಬುಕ್ ಬೇರೆ ಹೊರುವುದು ತಪ್ಪಲಿ, ಚೀಲ ಹಗುರಾಗಲಿ ಎಂದು. 2025ರಲ್ಲಿ ಅದನ್ನು ನಿಲ್ಲಿಸಿದರು. ಆ ಪುಸ್ತಕಗಳು ಬಂದರೆ ಒಳಗೆಲ್ಲ ಮಕ್ಕಳ ಉತ್ತರ ತುಂಬಿರುತ್ತದೆ, ಮುಂದಿನವರಿಗೆ ಓದಲು ಬೇಜಾರು. 2025ರಲ್ಲೇ ಒಂದನೆಯ ಕ್ಲಾಸಿನ ಪಠ್ಯವೂ ಬದಲಾಯಿತು, ಬದಲಾವಣೆ ಮೇಲಿನ ಕ್ಲಾಸುಗಳಿಗೂ ಹಬ್ಬಲಿದೆ. ಹಾಗಾಗಿ ಚಿಕ್ಕವರ ಪುಸ್ತಕ ಕೂಡಿಡುವುದನ್ನು ನಾವು ಬಿಟ್ಟೇಬಿಟ್ಟೆವು.

ಮುಂಬಯಿಯ ಫೋರ್ಟ್ ಕಡೆಯ ರಾತ್ರಿ ಶಾಲೆಯ ಮಾಸ್ತರರ ಬೇಡಿಕೆ ಒಂದೇ. "ಮೇಡಂ, ನೋಟ್‌ಬುಕ್ ಹೇಗೂ ಆಗ್ತದೆ. ಹತ್ತನೆಯ ವಿಜ್ಞಾನ ಭಾಗ ಎರಡು ಸಿಕ್ಕಿದ್ರೆ ಆ ಕೂಡ್ಲೇ ಫೋನ್ ಮಾಡಿ." ಭಾಗ ಒಂದು ಎಲ್ಲರ ಮನೆಯಲ್ಲೂ ಉಳಿದಿರುತ್ತದೆ, ಭಾಗ ಎರಡು ಎಲ್ಲಿ ಮಾಯವಾಗುತ್ತದೋ ದೇವರಿಗೇ ಗೊತ್ತು. ಈ ಸಲ ಕಲ್ಯಾಣದ ಒಂದು ಮನೆಯ ಮೂವರು ಮಕ್ಕಳ ಪುಸ್ತಕ ಒಟ್ಟಿಗೆ ಸಿಕ್ಕಿದವು, ಮೂರರಲ್ಲೂ ಭಾಗ ಎರಡು ಇತ್ತು. ಮಾಸ್ತರರು ಮರುದಿನವೇ ಹಾಜರು.

ಉಳಿದ ಮೂಟೆಗಳು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಹೋಗುತ್ತವೆ. ಬೆಳಗಿನ ರಶ್ಶು ಇಳಿದ ಮೇಲೆ ಹತ್ತಬೇಕು. ಕಾಗದದ ಮೂಟೆ ಚಿಕ್ಕದಿರಲಿ, ಒಬ್ಬರು ಎತ್ತುವಷ್ಟು ಮಾತ್ರ. ಮೀನಿನ ಬುಟ್ಟಿಯ ಪಕ್ಕ ಇಡಬೇಡಿ, ನೀರು ಸೋರುತ್ತದೆ.

ಜೂನ್ ಮಧ್ಯ

ಶಾಲೆ ಶುರು, ಮಳೆಯೂ ಶುರು.

ರಟ್ಟಿಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಅಂಟಿಸಿದ್ದೆವು. ಬ್ಯಾಂಕಿನವರ ಹೂವು, ಉಡುಪಿ ಕೃಷ್ಣ, ಮಂಜಿನ ಬೆಟ್ಟ ಎಲ್ಲ ಇತ್ತು. ನಮ್ಮ ಹೆಂಗಸರಿಗೆ ಹೂವಿನದೇ ಮೊದಲು ಖಾಲಿಯಾಗುತ್ತದೆ ಅನ್ನುವ ಭರವಸೆ. ಆರಿಸಿಕೊಳ್ಳಿ ಎಂದು ಮೇಜಿನ ಮೇಲೆ ಹರಡಿದೆವು. ಯಾದಗಿರಿ ಕಡೆಯ ಒಬ್ಬ ಹುಡುಗ ಎಲ್ಲವನ್ನೂ ಮಗುಚಿ ನೋಡಿ, ಗೊಬ್ಬರದ ಕಂಪನಿಯ ಕ್ಯಾಲೆಂಡರಿನ ಟ್ರ್ಯಾಕ್ಟರ್ ಚಿತ್ರದ್ದು ಎತ್ತಿಕೊಂಡ. ಒಳಗೆ ಬೆರಳಾಡಿಸಿದ. "ಅಕ್ಕಾ, ಇದರಾಗ ಗೆರಿ ಭಾಳ ಸಣ್ಣ ಅದಾವ್ರಿ, ನಮ್ಮ ಟೀಚರ್ ಬೈತಾರ" ಎಂದ. ಅದೇ ಟ್ರ್ಯಾಕ್ಟರ್, ಅಗಲ ಗೆರೆಯದ್ದು ಬೇಕು ಅವನಿಗೆ. ಮಾಮ ಅಲ್ಲೇ ಕುಳಿತು ರಟ್ಟು ಬಿಡಿಸಿ ಬೇರೆ ಕಟ್ಟಿಗೆ ಹಾಕಿ ಹೊಲಿದುಕೊಟ್ಟರು. ಹುಡುಗ ಪಾಟಿಚೀಲ ತೆರೆದು ಹಿಡಿದುಕೊಂಡೇ ಕಾದ. ಮುಂದಿನ ವರ್ಷ ಮೇಜಿನ ಮೇಲೆ ರಟ್ಟು ಬೇರೆ, ಹಾಳೆ ಕಟ್ಟು ಬೇರೆ ಇಡೋಣ ಎಂದು ಮಾಮನೇ ಹೇಳುತ್ತಿದ್ದಾರೆ.

ಎಲ್ಲವನ್ನೂ ಹಂಚಿಲ್ಲ. ಹೊಲಿದ ಪುಸ್ತಕದಲ್ಲಿ ಮೂರರಲ್ಲಿ ಒಂದು ಪಾಲು ನವೆಂಬರ್‌ಗೆ, ವರ್ಷದ ನಡುವೆ ಬಂದು ಸೇರುವ ಮಕ್ಕಳಿಗೆಂದು ತೆಗೆದಿಟ್ಟಿದ್ದೇವೆ. ಈ ಬಗ್ಗೆ ನಮ್ಮಲ್ಲೇ ಜಗಳ ಆಯಿತು. ಕೇಳುವವರು ಎದುರಿಗೆ ಇರುವಾಗ ಇನ್ನೂ ಬಾರದವರಿಗೆ ಅಂತ ಬೀಗ ಹಾಕುವುದು ಸರಿಯಾ ಎಂದು ಒಬ್ಬರು ಕೇಳಿದರು. ನನ್ನ ಪ್ರಕಾರ ಸರಿ. ಜೂನ್ ತಿಂಗಳಲ್ಲಿ ಕೊಡುವವರು ಊರೆಲ್ಲ ಇದ್ದಾರೆ.

ತೊಂದರೆ ಮಳೆಯದು. ಮುಂಬಯಿಯ ಮಳೆಗಾಲದಲ್ಲಿ ನೆಲದ ಮೇಲೆ ಇಟ್ಟ ಕಾಗದ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ಆಫೀಸಿನ ಕೋಣೆ ನೆಲಮಾಳಿಗೆ, 2005ರ ಜುಲೈ 26ರಂದು ಅಲ್ಲಿ ಸೊಂಟದವರೆಗೆ ನೀರು ಬಂದಿತ್ತೆಂದು ಹಳಬರು ಹೇಳುತ್ತಾರೆ. ಆದ್ದರಿಂದ ಕಟ್ಟುಗಳನ್ನು ಬಿಸಿಲಿದ್ದ ದಿನವೇ ಒಣಗಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚೀಲದಲ್ಲಿ ಬೇವಿನ ಎಲೆ ಹಾಕಿ ಒಬ್ಬೊಬ್ಬರ ಮನೆಯ ಅಟ್ಟಕ್ಕೆ ಏರಿಸಿದ್ದೇವೆ. ಯಾರ ಅಟ್ಟದಲ್ಲಿ ಎಷ್ಟು ಕಟ್ಟು, ಯಾವ ಗೆರೆ ಎಂದು ಫ್ರಿಜ್ಜಿನ ಮೇಲೆ ಪಟ್ಟಿ ಅಂಟಿಸಿದೆ. ಗಣಪತಿ ಹಬ್ಬಕ್ಕೆ ಅಟ್ಟದಿಂದ ಮಂಟಪದ ಸಾಮಾನು ಇಳಿಸುವಾಗ ಎಲ್ಲರೂ ಒಮ್ಮೆ ಬಿಚ್ಚಿ ನೋಡಬೇಕು. ಚೌಕಳಿ ಹಾಳೆ ಕಡಿಮೆ ಬಿದ್ದಿದೆ, ದೀಪಾವಳಿ ಕ್ಲೀನಿಂಗಿನಲ್ಲಿ ಯಾರಿಗಾದರೂ ಸಿಕ್ಕರೆ ರದ್ದಿಯವನಿಗಿಂತ ಮೊದಲು ನಮಗೆ ಹೇಳಿ.