6–3, 7–2, 8–1

ಡೊಂಬಿವಲಿ ಫಾಸ್ಟ್ ಲೋಕಲ್ಲಿನಲ್ಲಿ ನಮ್ಮದೊಂದು ಕನ್ನಡಿಗರ ಗುಂಪಿದೆ. ಬ್ಯಾಂಕಿನವರು, ಹೋಟೆಲಿನವರು, ನನ್ನ ಹಾಗೆ ಫೋರ್ಟಿನ ವಕೀಲರ ಆಫೀಸಿನಲ್ಲಿ ಗುಮಾಸ್ತಿಕೆ ಮಾಡುವವರು. ಠಾಣೆ ದಾಟುವುದರೊಳಗೆ ಆ ದಿನದ ಪೇಪರಿನಲ್ಲಿರುವ ಕೇಸುಗಳಿಗೆಲ್ಲ ತೀರ್ಪು ಕೊಟ್ಟು ಆಗಿರುತ್ತದೆ. ಮೊನ್ನೆ ಶೆಟ್ರು ಗುಡುಗಿದರು: "ಈ ಜಡ್ಜುಗಳನ್ನು ಕಾದು ಕೂತರೆ ಆಗುವುದಿಲ್ಲ ಮಾರಾಯ್ರೆ. ಹಿಂದಿನ ಹಾಗೆ ಜ್ಯೂರಿ ಬರಬೇಕು. ನಮ್ಮಂಥ ಒಂಬತ್ತು ಜನ ಸಾಮಾನ್ಯರು ಕೂತು ಹೌದು, ಅಲ್ಲ ಅಂತ ಹೇಳಿ ಮುಗಿಸಲಿ."

ಎಲ್ಲರೂ ಹೂಂಗುಟ್ಟಿದರು. ಆ ನೂಕುನುಗ್ಗಲಲ್ಲಿ ನಿಂತು ಉತ್ತರ ಕೊಡುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೊಂಬಾಯಿಯ ಮೂರು ದೊಡ್ಡ ಜ್ಯೂರಿ ಕೇಸುಗಳನ್ನು ನೋಡಿ. 1897ರಲ್ಲಿ ತಿಲಕರ ಮೇಲೆ ಮೊದಲ ರಾಜದ್ರೋಹದ ಕೇಸು. ಜ್ಯೂರಿಯಲ್ಲಿ ಆರು ಯೂರೋಪಿಯನ್ನರು, ಮೂವರು ಭಾರತೀಯರು. ತೀರ್ಪು 6–3, ಹದಿನೆಂಟು ತಿಂಗಳು ಜೈಲು. 1908ರಲ್ಲಿ ಮತ್ತೆ ಅವರೇ. ಈ ಸಲ ಏಳು ಯೂರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು 7–2, ಆರು ವರ್ಷ ಬರ್ಮಾದ ಮಂಡಾಲೆ ಜೈಲು. ಆಮೇಲೆ 1959ರ ನಾನಾವತಿ ಕೊಲೆ ಕೇಸು. ತಪ್ಪಿತಸ್ಥ ಅಲ್ಲ, 8–1.

ಮೂರರಲ್ಲೂ ಇವತ್ತು ನಮಗೆ ಯಾರು ಸರಿ ಅನ್ನಿಸುತ್ತಾರೆ? ಆ ಮೂವರು, ಆ ಇಬ್ಬರು, ಆ ಒಬ್ಬ. ಕೈ ಎಣಿಸಿದಾಗ ಸೋತವರು!

ಇಂಗ್ಲೆಂಡಿನಲ್ಲಿ ಆಗ ಹೀಗಿರಲಿಲ್ಲ. ಅಲ್ಲಿ ಹನ್ನೆರಡು ಜನರೂ ಒಪ್ಪಲೇಬೇಕಿತ್ತು. ಬಹುಮತ ಸಾಕು ಅಂತ ಅವರು ಕಾನೂನು ಮಾಡಿದ್ದೇ 1967ರಲ್ಲಿ. ಒಬ್ಬ ತಲೆ ಅಲ್ಲಾಡಿಸಿದರೂ ಉಳಿದ ಹನ್ನೊಂದು ಜನ ಅವನ ಮಾತು ಕೇಳಿ, ಜಗಳ ಆಡಿ, ಒಪ್ಪಿಸಬೇಕು, ಇಲ್ಲವೇ ತಾವು ಒಪ್ಪಬೇಕು. ನಮಗೆ ಕೊಟ್ಟದ್ದು ಬೇರೆ ಮಾಲು. ಒಂಬತ್ತರಲ್ಲಿ ಆರು ಜನ ಒಂದಾಗಿ, ಜಡ್ಜೂ ಹೂಂ ಅಂದರೆ ಸಾಕಿತ್ತು. ತಿಲಕರ ಮೊದಲ ಕೇಸಿನಲ್ಲಿ ಬಿದ್ದದ್ದು ಸರಿಯಾಗಿ ಆರೇ ಓಟು. ಉಳಿದ ಮೂವರು ಏನು ಯೋಚಿಸಿದರು ಅಂತ ಯಾರೂ ಕೇಳುವ ಅಗತ್ಯವೇ ಬೀಳಲಿಲ್ಲ.

1908ರ ಕೇಸು ಇನ್ನೂ ವಿಚಿತ್ರ. ಕೇಸು ಇದ್ದದ್ದು ತಿಲಕರ ಪತ್ರಿಕೆ 'ಕೇಸರಿ'ಯ ಮರಾಠಿ ಲೇಖನಗಳ ಮೇಲೆ. ತೀರ್ಪು ಕೊಡುವವರ ಕೈಯಲ್ಲಿದ್ದದ್ದು ಇಂಗ್ಲಿಷ್ ತರ್ಜುಮೆ. ತರ್ಜುಮೆಯೇ ಸರಿ ಇಲ್ಲ ಅಂತ ತಿಲಕರು ವಾದಿಸಿದರು. ತಾವೇ ನಿಂತು ದಿನಗಟ್ಟಲೆ ಮಾತಾಡಿದರು. ಹೈಕೋರ್ಟಿನ 46ನೇ ಕೋರ್ಟಿನ ಹೊರಗೆ ಅವರ ಮಾತು ಕೆತ್ತಿದ ಅಮೃತಶಿಲೆಯ ಫಲಕ ಇದೆ. ಜ್ಯೂರಿ ಏನೇ ಹೇಳಲಿ, ನಾನು ನಿರಪರಾಧಿ ಅಂತ. ಫೈಲು ಹಿಡಿದು ಆ ಕಡೆ ಹೋದಾಗಲೆಲ್ಲ ಓದುತ್ತೇನೆ. ಅದರ ಕೆಳಗೇ ನಮ್ಮ ಜೂನಿಯರ್ ವಕೀಲರು ಫೋನಿನಲ್ಲಿ ಕಕ್ಷಿದಾರರಿಗೆ ತಾರೀಕು ಹೇಳುತ್ತಾ ನಿಂತಿರುತ್ತಾರೆ.

ನಾನಾವತಿ ಕೇಸು ನನಗೆ ಗೊತ್ತಾದದ್ದು ಪುಸ್ತಕದಿಂದ ಅಲ್ಲ, ಕುಂದಾಪುರದ ನನ್ನ ಸೋದರಮಾವನಿಂದ. ಆ ವರ್ಷ ಅವರು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಹುಡುಗ. ರಾತ್ರಿ ಕನ್ನಡ ಶಾಲೆ. ನಾಲ್ಕಾಣೆಯ 'ಬ್ಲಿಟ್ಜ್' ಪತ್ರಿಕೆ ಎರಡು ರೂಪಾಯಿಗೆ ಮಾರಾಟವಾದ ಕಾಲ. ಅವರ ಹೋಟೆಲಿನಲ್ಲಿ ಒಂದು ಪ್ರತಿ ಟೇಬಲಿನಿಂದ ಟೇಬಲಿಗೆ ಸುತ್ತಿ, ಕೊನೆಗೆ ಸಾಂಬಾರಿನ ಕಲೆಯ ಸಮೇತ ಗಲ್ಲಾಪೆಟ್ಟಿಗೆಗೆ ವಾಪಸ್ ಬರುತ್ತಿತ್ತಂತೆ. ಬೀದಿಯಲ್ಲಿ ನಾನಾವತಿ ರಿವಾಲ್ವರ್ ಅಂತ ಆಟದ ಪಿಸ್ತೂಲು, ಅಹುಜಾ ಟವೆಲ್ ಅಂತ ಟವೆಲು ಮಾರುತ್ತಿದ್ದರು.

ಆ ಟವೆಲೇ ಕೇಸಿನ ಜೀವಾಳ. ನೌಕಾಪಡೆಯ ಕಮಾಂಡರ್ ನಾನಾವತಿ, ಹೆಂಡತಿಯ ಗೆಳೆಯ ಪ್ರೇಮ್ ಅಹುಜಾನ ಮಲಗುವ ಕೋಣೆಗೆ ಹೋದಾಗ ಆತ ಸ್ನಾನ ಮುಗಿಸಿ ಟವೆಲಿನಲ್ಲಿದ್ದ. ಇಬ್ಬರೂ ಕಿತ್ತಾಡುವಾಗ ಗುಂಡು ತಾನಾಗಿ ಹಾರಿತು ಅನ್ನುವುದು ಆರೋಪಿಯ ವಾದ. ಹಾಗಾದರೆ ಟವೆಲು ಯಾಕೆ ಸೊಂಟದಲ್ಲೇ ಇತ್ತು ಅಂತ ಸರ್ಕಾರಿ ವಕೀಲರ ಪ್ರಶ್ನೆ.

ಮಾವ ಭಾಂಡುಪಿನ ಚಾಳಿನಲ್ಲಿ ಇದನ್ನು ಮಾಡಿ ತೋರಿಸುತ್ತಿದ್ದರು. ಚಡ್ಡಿಯ ಮೇಲೆ ಬೈರಾಸು ಸುತ್ತಿ, ಅಂಚನ್ನು ಒಳಗೆ ಸಿಕ್ಕಿಸಿ, ಕೈಗೆ ಲಟ್ಟಣಿಗೆ ತಗೊಂಡು, "ರಿವಾಲ್ವರ್ ಕಸಿ ಕಾಂಬ" ಅನ್ನುವರು. ನಾನು ಕೈ ಹಾಕಿ ಎಳೆಯುವುದರೊಳಗೆ ಬೈರಾಸು ಕಾಲ ಬುಡದಲ್ಲಿ. ಪ್ರತಿ ಸಲವೂ. ಅತ್ತೆ ಒಳಗಿನಿಂದ ಬೈಯುವರು. ಮಾವ ಬೈರಾಸು ಎತ್ತಿಕೊಂಡು ಹೇಳುತ್ತಿದ್ದ ಮಾತೇನು ಗೊತ್ತಾ? "ಆದ್ರೂ ಕಮಾಂಡರ್ ಒಳ್ಳೆ ಜನ."

ಆ ಎಂಟು ಜನರೂ ಬಹುಶಃ ಹೀಗೇ ಯೋಚಿಸಿದರು. ಬಿಳಿ ಸಮವಸ್ತ್ರ, ಪದಕಗಳು, ಮೂರು ಮಕ್ಕಳ ತಂದೆ. ಎದುರಿಗೆ ಸತ್ತುಹೋದ ಷೋಕಿವಾಲ. ಟವೆಲು ಯಾರಿಗೆ ಬೇಕು? ಜ್ಯೂರಿ ಕಾರಣ ಬರೆಯಬೇಕಾಗಿಯೂ ಇರಲಿಲ್ಲ. ಸೆಷನ್ಸ್ ಜಡ್ಜ್ ಮೆಹ್ತಾ ಅವರಿಗೆ ಅದು ಸರಿ ಬರದೆ ಕೇಸನ್ನು ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟೂ ಹೌದು ಅಂದಿತು. 1964ರಲ್ಲಿ ರಾಜ್ಯಪಾಲರ ಕ್ಷಮಾದಾನ ಬಂತು, ಅದು ಬೇರೆ ಕಥೆ.

ಈ ಕೇಸಿನಿಂದಲೇ ಜ್ಯೂರಿ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ, ಶೆಟ್ರೂ ಹೇಳಿದರು. ಹಾಗಲ್ಲ. ಜ್ಯೂರಿ ಬೇಡ ಅಂತ ಕಾನೂನು ಆಯೋಗ 1958ರಲ್ಲೇ ಬರೆದಿತ್ತು, ಗುಂಡು ಹಾರುವ ಮುಂಚಿನ ವರ್ಷ. ಪೂರ್ತಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗ. ಪಾರ್ಸಿಗಳ ವಿಚ್ಛೇದನದ ಕೇಸಿನಲ್ಲಿ ಮಾತ್ರ ಸಮುದಾಯದ ಐದು ಜನ ಜಡ್ಜಿನ ಜೊತೆ ಕೂರುವ ಪದ್ಧತಿ ಕಾನೂನಿನಲ್ಲಿ ಉಳಿಯಿತು. ನಮ್ಮ ಮನೆಯ ಜಗಳ ನಮ್ಮೂರಿನ ಐದು ಜನರ ಮುಂದೆ ಅಂದರೆ ನಾನಂತೂ ಒಲ್ಲೆ.

ಜಡ್ಜ್ ತಪ್ಪು ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ದಿನವೂ ಅವರ ತಪ್ಪುಗಳನ್ನೇ ಟೈಪು ಮಾಡಿ ಹೊಟ್ಟೆ ಹೊರೆಯುವವನು ನಾನು. ಆದರೆ ಅವರು ಬರೆಯುತ್ತಾರೆ. ಇಂಥ ಪ್ಯಾರಾದಲ್ಲಿ ಇಂಥ ಸಾಕ್ಷಿಯನ್ನು ಬಿಟ್ಟಿದ್ದಾರೆ ಅಂತ ಬೆರಳಿಟ್ಟು ತೋರಿಸಬಹುದು. 8–1ಕ್ಕೆ ಎಲ್ಲಿ ಬೆರಳಿಡುವುದು?

ನಮ್ಮ ಸೊಸೈಟಿಯಲ್ಲಿ ಈಚೆಗೆ ಪಾರ್ಕಿಂಗಿನಿಂದ ಒಂದು ಸೈಕಲ್ ಹೋಯಿತು. ವಾಟ್ಸಾಪಿನಲ್ಲಿ ಯಾರೋ ಪೋಲ್ ಹಾಕಿದರು: ವಾಚ್‌ಮನ್‌ನನ್ನು ತೆಗೆಯೋಣವೇ? ಊಟದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರೂ ಹೌದು ಒತ್ತಿದ್ದರು. ಬೇಡ ಅಂದವರು ಇಬ್ಬರು, ನಾನು ಮತ್ತು ಮೂರನೇ ಮಹಡಿಯ ರಿಟೈರ್ಡ್ ಟೀಚರ್. ಅವರು ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಸಿಸಿಟಿವಿ ಯಾರಾದರೂ ನೋಡಿದಿರಾ?" ಅದು ಮಳೆಗಾಲದಿಂದ ಕೆಟ್ಟು ಕೂತಿತ್ತು. ವಾಚ್‌ಮನ್ ಅಂತೂ ಹೋದ.

ನಾನು ಸೆಕ್ರೆಟರಿ. ಮಿನಿಟ್ಸ್ ಬರೆಯುವಾಗ 'ಬಹುಮತದಿಂದ' ಅಂತ ಬರೆದು ಬಿಡದೆ, ಟೀಚರ್ ಹೆಸರು, ಅವರ ಪ್ರಶ್ನೆ, ಸಿಸಿಟಿವಿ ಕೆಟ್ಟ ವಿಷಯ ಎಲ್ಲವನ್ನೂ ಬರೆದೆ. ಅದನ್ನು ತೆಗೆಯಬೇಕು ಅಂತ ಈಗ ನಾಲ್ಕು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದಾರೆ. ಕಾರಣ ಬರೆದುಕೊಡಿ ಅಂತ ವಾಪಸ್ ಕಳಿಸಿದ್ದೇನೆ.