ಗುರುತಿನ ಕೊನೆಯ ಸಾಲು

2006ರಲ್ಲಿ ನಾನು ಡಿಗ್ರಿ ಓದುತ್ತಿದ್ದೆ. ಅಪ್ಪನೂ ನಾನೂ ಕಾಸರಗೋಡಿನ ಟಾಕೀಸಿನಲ್ಲಿ ಬ್ಲೆಸ್ಸಿ ನಿರ್ದೇಶನದ ಮಲಯಾಳಂ ಸಿನಿಮಾ ‘ತನ್ಮಾತ್ರ’ ನೋಡಿದೆವು. ಮೋಹನ್‌ಲಾಲ್ ಅದರಲ್ಲಿ ರಮೇಶನ್ ನಾಯರ್ ಎಂಬ ಸರಕಾರಿ ನೌಕರ. ಆಲ್ಜೈಮರ್ಸ್ ಬಂದು ಒಂದೊಂದೇ ಮರೆಯುತ್ತಾ ಹೋಗುತ್ತಾನೆ. ಆಫೀಸಿನ ಮುಖ್ಯ ಫೈಲನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟು ಮರೆಯುತ್ತಾನೆ.

ಅಪ್ಪ ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಮಾಸ್ತರು. ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ಆಳುಗಳ ಹತ್ತಿರ ತುಳು, ತರಗತಿಯಲ್ಲಿ ಪುಸ್ತಕದ ಕನ್ನಡ. ಮಲಯಾಳಂ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಇಲಾಖೆಯಿಂದ ಬರುವ ಸುತ್ತೋಲೆ ಓದಲಿಕ್ಕೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಹಾಗಾಗಿ ಸಿನಿಮಾದ ನಡುವೆ ನಾನು ಬಗ್ಗಿ, ಅರ್ಥ ಹೇಳಬೇಕಾ ಎಂದು ಕೇಳಿದೆ. ‘ಬೇಡ, ಎನಗೆ ಗೊಂತಾವುತ್ತು’ ಎಂದರು. ಇಂಟರ್ವಲ್ ಕಳೆದ ಮೇಲೆ ನೋಡಿದರೆ ಹೆಗಲ ಶಾಲಿನಲ್ಲಿ ಕಣ್ಣು ಒರೆಸುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ಕಂಡದ್ದು ಅಲ್ಲಿ. ಅಜ್ಜ ತೀರಿಹೋದ ದಿನವೂ ಅತ್ತವರಲ್ಲ. ನನಗೆ ಅಳು ಬರಲಿಲ್ಲ, ಹೆದರಿಕೆ ಆಯಿತು.

ಹತ್ತು ವರ್ಷ ಕಳೆದು 2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂತು. ಒಳ್ಳೆಯ ಕನ್ನಡ ಸಿನಿಮಾ ಬಂದರೆ ನಾವು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರು, ಅದಕ್ಕೂ ಹೋದೆ, ಒಬ್ಬಳೇ. ಅನಂತನಾಗ್ ಮಾಡಿದ ವೆಂಕೋಬರಾಯರಿಗೂ ಅದೇ ಕಾಯಿಲೆ. ಮಗನ ಒಂದು ಗಳಿಗೆಯ ಅಸಡ್ಡೆಗೆ ಅವರು ಕಳೆದುಹೋಗುತ್ತಾರೆ. ಹುಡುಕಲು ಹೊರಟ ಮೇಲೆ ಮಗನಿಗೆ ಗೊತ್ತಾಗುತ್ತದೆ, ಅಪ್ಪನ ವಿಷಯ ತನಗೆ ತಿಳಿದಿರುವುದು ಎಷ್ಟು ಕಡಿಮೆ ಎಂದು. ಆ ಹೆಸರೇ ನನ್ನನ್ನು ಹಿಡಿದುಕೊಂಡಿತು. ‘ಕಾಣೆಯಾಗಿದ್ದಾರೆ’ ಪ್ರಕಟಣೆಯಲ್ಲಿ ಎಲ್ಲರ ಅಪ್ಪಂದಿರೂ ಗೋಧಿ ಬಣ್ಣ, ಸಾಧಾರಣ ಮೈಕಟ್ಟು.

ವಾಪಸು ಬಸ್ಸಿನಲ್ಲಿ ಉಪ್ಪಳ ದಾಟುವವರೆಗೂ ನನ್ನ ಅಪ್ಪನ ಪ್ರಕಟಣೆಯನ್ನು ಮನಸ್ಸಿನಲ್ಲೇ ಬರೆದೆ. ಎತ್ತರ ಗೊತ್ತಿರಲಿಲ್ಲ. ಎಡಗೈ ಹೆಬ್ಬೆರಳಿನಲ್ಲಿ ಅಡಕೆ ಸುಲಿಯುವಾಗ ಆದ ಗಾಯದ ಗುರುತು ಇದೆ ಎಂದು ಗೊತ್ತಿತ್ತು. ಎಡಗೈಯೋ ಬಲಗೈಯೋ ಎಂದು ಮತ್ತೆ ಸಂಶಯ ಬಂತು. ಮನೆಗೆ ಬಂದವಳೇ ಊಟಕ್ಕೆ ಕೂತ ಅಪ್ಪನ ಕೈ ನೋಡಿದೆ. ಬಲಗೈ. ಆ ರಾತ್ರಿ ಅತ್ತೆ, ಬಹಳ ಹೊತ್ತು. ನನ್ನ ಪ್ರಕಟಣೆಯಲ್ಲಿ ಅನುಮಾನ ಇಲ್ಲದ ಸಾಲು ಕೊನೆಯದು ಮಾತ್ರ: ‘ಕನ್ನಡ, ತುಳು, ಮಲಯಾಳಂ ಮಾತನಾಡುತ್ತಾರೆ.’

ಈಗ ಅದೂ ಉಳಿದಿಲ್ಲ. ಅಪ್ಪನಿಗೆ ಮರೆವು ಶುರುವಾಗಿ ನಾಲ್ಕು ವರ್ಷ. ನಮ್ಮಲ್ಲಿ ಫೈಲಲ್ಲ, ಎಲೆ ಅಡಕೆಯ ಸಂಚಿ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಮೊದಲು ಹೋದದ್ದು ಮಲಯಾಳಂ. ಕೊನೆಗೆ ಕಲಿತದ್ದು ಮೊದಲು ಹೋಗುವುದು ಉಂಟು ಎಂದರು ಡಾಕ್ಟರು. ಮಾತ್ರೆ ಕೊಡಲು ಬರುವ ನರ್ಸು ಮಲಯಾಳಂನಲ್ಲಿ ಮಾತಾಡಿಸಿದರೆ ಮಗುವಿನ ಹಾಗೆ ನನ್ನ ಮುಖ ನೋಡುತ್ತಾರೆ. ತುಳು ಅರ್ಧ ಉಳಿದಿದೆ. ಸಂಜೆಯಾದರೆ ಚಾವಡಿಯಲ್ಲಿ ನಿಂತು ‘ಮನೆಗೆ ಹೋಪ ಮಗಳೆ’ ಎನ್ನುತ್ತಾರೆ, ಹವ್ಯಕದಲ್ಲಿ. ಅವರು ಹುಟ್ಟಿದ್ದೇ ಈ ಮನೆಯಲ್ಲಿ. ನಾನು ಕೈ ಹಿಡಿದು ಅಂಗಳಕ್ಕೆ ಒಂದು ಸುತ್ತು ಹಾಕಿಸಿ ಒಳಗೆ ಕರೆದು ತರುತ್ತೇನೆ. ‘ಎತ್ತಿತ್ತು’, ಅಂದರೆ ತಲುಪಿಯಾಯಿತು, ಎಂದು ಸಮಾಧಾನದಲ್ಲಿ ಕೂರುತ್ತಾರೆ.

ಇಂಥ ಸಿನಿಮಾ ರೋಗಿಯ ಮನೆಯಲ್ಲಿ ಯಾಕೆ ಎಂದು ತಮ್ಮ ಬೈದ. ಆದರೂ ಕಳೆದ ಆಟಿ ತಿಂಗಳಲ್ಲಿ, ಹೊರಗೆ ಕಾಲಿಡಲಾಗದ ಮಳೆಯ ಮಧ್ಯಾಹ್ನ, ಲ್ಯಾಪ್‌ಟಾಪಿನಲ್ಲಿ ‘ತನ್ಮಾತ್ರ’ ಹಾಕಿದೆ. ಅವರ ಜೊತೆ ಇನ್ನೊಮ್ಮೆ ಅದನ್ನು ನೋಡಬೇಕು ಎಂಬ ಆಸೆ ನನಗೆ ತಡೆಯಲಾಗಲಿಲ್ಲ. ಹತ್ತು ನಿಮಿಷವಾಗಿರಬೇಕು, ‘ಇವ ಎಂತ ಹೇಳಿದ?’ ಎಂದು ಕೇಳಿದರು. ಹೇಳಿದೆ. ಮತ್ತೆ ಕೇಳಿದರು. ಅಲ್ಲಿಂದ ಮುಂದೆ ಮೋಹನ್‌ಲಾಲ್ ಆಡಿದ್ದನ್ನೆಲ್ಲ ಒಂದೊಂದೇ ಮಾತಾಗಿ ಹವ್ಯಕದಲ್ಲಿ ಹೇಳುತ್ತಾ ಹೋದೆ.

ಫೈಲು ಸಿಕ್ಕಿದಾಗ ಹೇಳಿದೆ, ‘ಅಪ್ಪ, ಫೈಲಿನ ಫ್ರಿಜ್ಜಿಲಿ ಮಡುಗಿದ್ದ.’

ಅಪ್ಪ ನಕ್ಕರು. ತರಗತಿಯಿಂದ ಅಂಗಳಕ್ಕೆ ಕೇಳುತ್ತಿದ್ದ ಹಳೆಯ ದೊಡ್ಡ ನಗು. ಒಳಗಿಂದ ಅಬ್ಬೆ ಒದ್ದೆ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತರು.